ಟರ್ಕಿ ಕೋಳಿಯ ಕೊರಳ ಚೀಲ ಬೆಳಿಗ್ಗೆಯೂ ಖಾಲಿ ಆಗದಿದ್ದರೆ ಏನು ನೋಡಬೇಕು

ಕಾರಟಗಿ ಹತ್ತಿರ ನಮ್ಮ ಊರು. ಹಿತ್ತಲಲ್ಲಿ ಟರ್ಕಿ ಸಾಕಲು ಶುರು ಮಾಡಿ ಆರು ವರ್ಷ ಆಯ್ತು. ಸುತ್ತಮುತ್ತ ಟರ್ಕಿ ಸಾಕುವವರು ನನಗೆ ಫೋನ್ ಮಾಡುವುದು ಹೆಚ್ಚಾಗಿ ಒಂದೇ ವಿಷಯಕ್ಕೆ. "ಅಣ್ಣಾ, ಟರ್ಕಿ ಎದಿ ಮುಂದ ಗಡ್ಡಿ ಬಂದೈತಿ, ಏನೂ ತಿನ್ನವಲ್ದು, ಏನ್ ಮಾಡ್ಲಿ?"

ಬಹಳ ಸಲ ಅದು ಗಡ್ಡೆ ಆಗಿರುವುದಿಲ್ಲ. ಕೊರಳ ಬುಡದಲ್ಲಿ ಮೇವು ಕೂಡಿಡುವ ಚೀಲ ಅದು. ಡಾಕ್ಟರು ಅದಕ್ಕೆ ಕ್ರಾಪ್ ಅನ್ನುತ್ತಾರೆ, ನಾನು ಇಲ್ಲಿ ಕೊರಳ ಚೀಲ ಅಂತಲೇ ಬರೆಯುತ್ತೇನೆ. ಹಕ್ಕಿಗೆ ಹಲ್ಲಿಲ್ಲ. ತಿಂದ ಕಾಳು ಮೊದಲು ಈ ಚೀಲದಲ್ಲಿ ನೆನೆಯುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಕೆಳಗೆ ಹೊಟ್ಟೆಗೆ ಇಳಿಯುತ್ತದೆ, ಅಲ್ಲಿಂದ ಗಿಜರ್ಡಿಗೆ ಹೋಗುತ್ತದೆ. ಬಳ್ಳಾರಿ ಕಡೆ ತೆಲುಗು ಮಾತಾಡುವವರು ಕಂದನಕಾಯ ಅನ್ನುತ್ತಾರಲ್ಲ, ಅದೇ. ಹಕ್ಕಿ ನುಂಗಿದ ಸಣ್ಣ ಕಲ್ಲುಗಳ ಜೊತೆ ಕಾಳು ಅಲ್ಲಿ ಅರೆಯುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿ ಆದರೂ ಮೊದಲು ಕಣ್ಣಿಗೆ ಬೀಳುವುದು ಮೇಲಿನ ಚೀಲ. ಹಾಗಾಗಿ ಚೀಲ ಊದಿದೆ ಅಂದ ಮಾತ್ರಕ್ಕೆ ರೋಗ ಚೀಲದಲ್ಲೇ ಇದೆ ಅಂತ ಅಲ್ಲ. ಇದೊಂದನ್ನು ಓದುತ್ತಾ ಹೋದ ಹಾಗೆ ನೆನಪಿಟ್ಟುಕೊಳ್ಳಿ.

ಸಂಜೆ ದಪ್ಪ ಕಾಣಿಸಿತು ಅಂತ ಹೆದರಬೇಡಿ, ಬೆಳಿಗ್ಗೆ ಮುಟ್ಟಿ ನೋಡಿ

ಸಂಜೆ ಹೊತ್ತಿಗೆ ಚೀಲ ತುಂಬಿರಲೇಬೇಕು. ದೊಡ್ಡ ಗಂಡಿಗೆ ಅದು ದಪ್ಪ ಮೂಸಂಬಿಯಷ್ಟು ಆಗಬಹುದು. ರಾತ್ರಿಯಿಡೀ ಅದು ಕರಗಿ, ಬೆಳಿಗ್ಗೆ ಹೊತ್ತಿಗೆ ಚಪ್ಪಟೆ ಆಗಿರುತ್ತದೆ. ಹಾಗಾಗಿ ಖರ್ಚಿಲ್ಲದ ಮೊದಲ ಪರೀಕ್ಷೆ ಇದು: ರಾತ್ರಿ ಮೇವು ತೆಗೆದಿಡಿ, ನೀರು ಇರಲಿ. ಬೆಳಗಿನ ಜಾವ ಗೂಡು ತೆಗೆಯುವ ಮೊದಲು, ಒಂದು ಕಾಳೂ ಹಾಕದೆ, ಕೊರಳ ಬುಡದಲ್ಲಿ ಎದೆಯ ಮುಂದೆ ಸ್ವಲ್ಪ ಹಕ್ಕಿಯ ಬಲಕ್ಕೆ ಬೆರಳಾಡಿಸಿ ನೋಡಿ. ಗರಿ ಉಬ್ಬಿಸಿಕೊಂಡು ಕುಣಿಯುವ ಗಂಡಿನ ಎದೆ ದೂರದಿಂದ ಯಾವಾಗಲೂ ದಪ್ಪವೇ ಕಾಣುತ್ತದೆ. ಕಣ್ಣಿನ ಅಂದಾಜು ಬೇಡ, ಕೈಯಿಂದಲೇ ಮುಟ್ಟಿ.

ಹಿಡಿಯುವ ರೀತಿ ಬಗ್ಗೆ ಎರಡು ಮಾತು. ಏಳೆಂಟು ಕೆಜಿ ಹಕ್ಕಿ ರೆಕ್ಕೆ ಬೀಸಿದರೆ ಮುಖಕ್ಕೆ ಗಾಯ ಆಗುತ್ತದೆ. ಹಳೆಯ ಚಾದರ ಹೊದಿಸಿ, ರೆಕ್ಕೆ ಒಳಗೆ ಸೇರಿಸಿ ಹಿಡಿಯಿರಿ, ಇನ್ನೊಬ್ಬರು ಜೊತೆಗಿರಲಿ. ಆದರೆ ಎದೆಯನ್ನು ಬಿಗಿಯಾಗಿ ಅಪ್ಪಬೇಡಿ. ನಮಗಿರುವ ಹಾಗೆ ಹಕ್ಕಿಗೆ ಉಸಿರಾಟಕ್ಕೆ ಅಂತ ಹೊಟ್ಟೆ ಎದೆ ನಡುವಿನ ಪರದೆ ಇಲ್ಲ, ಎದೆಮೂಳೆ ಏರಿಳಿದರೇ ಅದಕ್ಕೆ ಉಸಿರು. ಗಟ್ಟಿ ಒತ್ತಿ ಹಿಡಿದರೆ ನಿಮ್ಮ ಕೈಯಲ್ಲೇ ಉಸಿರು ಕಟ್ಟುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಂತೂ ಬಿಸಿಲೇರಿದ ಮೇಲೆ ಹಿಡಿಯಲೇಬೇಡಿ, ಬಾಯಿ ತೆರೆದು ಏದುಸಿರು ಬಿಡುತ್ತಿರುವ ಹಕ್ಕಿಗೆ ಅದು ದೊಡ್ಡ ಹೊಡೆತ.

ಬೆಳಿಗ್ಗೆ ಚೀಲ ಖಾಲಿ ಇದ್ದು, ಹಕ್ಕಿ ಚುರುಕಾಗಿ ಮೇವಿಗೆ ಬಂದರೆ ಏನೂ ತೊಂದರೆ ಇಲ್ಲ. ಖಾಲಿ ಇಲ್ಲ ಅಂದರೆ ಮುಂದೆ ಓದಿ.

ಈ ಲಕ್ಷಣ ಕಂಡರೆ ಮನೆಮದ್ದು ಬೇಡ, ನೇರ ಡಾಕ್ಟರು

ಬಾಯಿ ತೆರೆದು ಗೊರಗೊರ ಉಸಿರು ಬಿಡುವುದು. ತಂಪು ಹೊತ್ತಲ್ಲೂ ತಲೆ ಕಪ್ಪು ನೀಲಿ ತಿರುಗಿ ಹಾಗೇ ಇರುವುದು. ಕುಣಿಯುವ ಗಂಡಿನ ತಲೆ ಕೆಂಪು, ನೀಲಿ, ಬಿಳಿ ಬದಲಾಗುತ್ತಲೇ ಇರುತ್ತದೆ, ಅದು ಸಹಜ. ಸುಮ್ನೆ ನಿಂತಾಗ ಯಾವ ಬಣ್ಣ ಇದೆ ಅಂತ ನೋಡಿ. ನಿಲ್ಲಲು ಆಗದಿರುವುದು, ಕುತ್ತಿಗೆ ಜೋತು ಬೀಳುವುದು, ಜೊಲ್ಲು ಸುರಿದು ನಡುಗುವುದು, ಹಿಕ್ಕೆಯಲ್ಲಿ ರಕ್ತ, ಗಂಧಕದ ಹಾಗೆ ಹಳದಿ ಹಿಕ್ಕೆ.

ಜೊಲ್ಲು ಮತ್ತು ನಡುಕ ಇದ್ದರೆ ನನಗೆ ಮೊದಲು ಬರುವ ಅನುಮಾನ ವಿಷದ ಮೇಲೆ. ಸಿಂಧನೂರು, ಗಂಗಾವತಿ ಕಡೆ ಭತ್ತಕ್ಕೆ, ರಾಯಚೂರು ಕಡೆ ಹತ್ತಿಗೆ, ಮೆಣಸಿನಕಾಯಿಗೆ ಎಷ್ಟು ಕೀಟನಾಶಕ ಹೊಡೆಯುತ್ತೇವೆ ನಮಗೆಲ್ಲ ಗೊತ್ತು. ಔಷಧಿ ಹಚ್ಚಿದ ಬಣ್ಣದ ಬೀಜ ಬಿತ್ತನೆ ದಿನ ಅಂಗಳದಲ್ಲಿ ನಾಲ್ಕು ಚೆಲ್ಲಿದ್ದರೂ ಟರ್ಕಿ ಬಿಡುವುದಿಲ್ಲ, ಆರಿಸಿ ತಿನ್ನುತ್ತದೆ. ಡಾಕ್ಟರಿಗೆ ಹೋಗುವಾಗ ಆ ಔಷಧಿಯ ಖಾಲಿ ಪ್ಯಾಕೆಟ್ ಜೊತೆಗೇ ತೆಗೆದುಕೊಂಡು ಹೋಗಿ. ಯಾವ ವಿಷ ಅಂತ ಗೊತ್ತಾದರೆ ಚಿಕಿತ್ಸೆ ಬೇಗ ಶುರು ಮಾಡಬಹುದು. ಕುತ್ತಿಗೆ ಜೋತು ಬಿದ್ದಿದ್ದರೆ, ಎಲ್ಲಾದರೂ ಸತ್ತ ಪ್ರಾಣಿಯ ಮೇಲಿನ ಹುಳು ತಿಂದಿದೆಯಾ ಅಂತ ಹುಡುಕಿ. ಅದರಿಂದಲೂ ವಿಷ ಏರುತ್ತದೆ.

ಒಂದೆರಡು ದಿನದಲ್ಲಿ ಎರಡು ಮೂರು ಹಕ್ಕಿ ಒಟ್ಟಿಗೆ ಮಂಕಾದರೆ ಅಥವಾ ಸತ್ತರೆ ಅದು ಕೊರಳ ಚೀಲದ ವಿಷಯವೇ ಅಲ್ಲ. ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ಹಕ್ಕಿಜ್ವರವೂ ಇರಬಹುದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ನೋಡಬೇಡಿ, ತಿನ್ನಬೇಡಿ, ಕಾಲುವೆಗೆ ಎಸೆಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ ಸಹಾಯವಾಣಿ 1962.

ಚೀಲ ಗಟ್ಟಿ ಇದೆ, ಕಲಸಿಟ್ಟ ರೊಟ್ಟಿ ಹಿಟ್ಟಿನ ಹಾಗಿದೆ

ಇದು ಕಟ್ಟಿಕೊಂಡ ಚೀಲ. ಒತ್ತಿದರೆ ಬೆರಳಿನ ಗುರುತು ನಿಲ್ಲುತ್ತದೆ, ಅಥವಾ ಒಳಗೆ ಹಗ್ಗದ ಉಂಡೆ ಸಿಕ್ಕ ಹಾಗೆ ಆಗುತ್ತದೆ. ಹಕ್ಕಿ ಮೇವಿನ ಹತ್ತಿರ ಬರುತ್ತದೆ, ಕುಕ್ಕುತ್ತದೆ, ನುಂಗುವುದಿಲ್ಲ. ಕುತ್ತಿಗೆ ತಿರುಚುತ್ತದೆ. ಹಿಕ್ಕೆ ಕಡಿಮೆ ಆಗಿ ಹಸಿರು ನೀರು ನೀರಾಗಿ ಬರುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಬಣವೆ ಪಕ್ಕದ ಉದ್ದ ನೆಲ್ಲುಹುಲ್ಲು, ಗೂಡಿನೊಳಗೆ ಹಾಸಿದ ಹುಲ್ಲು, ಬೇಲಿ ಸಂದಿಯ ಬಲಿತ ಕರಿಕೆ, ಗುಟ್ಕಾ ಚೀಟಿ. ಎಲ್ಲಕ್ಕಿಂತ ಕೆಟ್ಟದ್ದು ಗೊಬ್ಬರದ ಚೀಲ ಹರಿದಾಗ ಬಿಡುವ ಪ್ಲಾಸ್ಟಿಕ್ ಎಳೆ. ಒಂದು ಎಳೆ ಹುಲ್ಲಿನ ಜೊತೆ ಸುತ್ತಿಕೊಂಡರೆ ಉಂಡೆ ಬಿಚ್ಚುವುದೇ ಇಲ್ಲ. ನಮ್ಮ ಒಂದು ಹೆಣ್ಣಿನ ಚೀಲದಿಂದ ಡಾಕ್ಟರು ತೆಗೆದ ಉಂಡೆಯಲ್ಲಿ ಅರ್ಧಕ್ಕರ್ಧ ಇದೇ ಇತ್ತು. ಮನೆಯ ಮುಂದಿನ ನೆರಳಿಗೆ ನಾನೇ ಹಳೆಯ ಚೀಲ ಹೊಲಿದು ಕಟ್ಟಿದ್ದೆ. ಆವತ್ತೇ ಬಿಚ್ಚಿದೆ.

ಮಾಡಬೇಕಾದ್ದು ಹೀಗೆ. ಬೆಳೆದ ಹಕ್ಕಿಯಾದರೆ 24 ಗಂಟೆ ಮೇವು ನಿಲ್ಲಿಸಿ, ಒಂದು ಪಂಜರದಲ್ಲೋ ಬುಟ್ಟಿ ಕೆಳಗೋ ಒಂದೇ ಇಡಿ. ಕೆಳಗೆ ಹುಲ್ಲು ಬೇಡ, ಗೋಣಿ ತಟ್ಟೂ ಬೇಡ, ಎಳೆ ಕಿತ್ತು ತಿನ್ನುತ್ತದೆ, ನೆಲ ಬರಿದಾಗಿರಲಿ. ಶುದ್ಧ ನೀರು ಯಾವಾಗಲೂ ಮುಂದಿರಲಿ. ಮರಿಗಳನ್ನು ಮಾತ್ರ ಹೀಗೆ ಉಪವಾಸ ಕೆಡವಬೇಡಿ, ಅವು ಬೇಗ ಸೋಲುತ್ತವೆ, ಅವನ್ನು ಸೀದಾ ಡಾಕ್ಟರಿಗೆ ತೋರಿಸಿ.

ಹಕ್ಕಿ ತಾನಾಗಿ ನೀರು ಕುಡಿದ ಮೇಲೆ ಚೀಲವನ್ನು ಮೃದುವಾಗಿ ತಿಕ್ಕಿ. ಹಕ್ಕಿ ನಿಂತೇ ಇರಲಿ, ತಲೆ ಮೇಲೇ ಇರಲಿ. ಮಾಗಿದ ಮಾವಿನಹಣ್ಣು ಹಿಚುಕಿ ರಸ ಮಾಡುವಾಗ ಸಿಪ್ಪೆ ಒಡೆಯದ ಹಾಗೆ ಒತ್ತುತ್ತೇವಲ್ಲ, ಅಷ್ಟೇ ಒತ್ತಡ. ಅಂಚಿನಿಂದ ಶುರು ಮಾಡಿ ಸಣ್ಣ ಸಣ್ಣ ತುಂಡಾಗಿ ಬಿಡಿಸುತ್ತಾ ಬನ್ನಿ. ಐದು ನಿಮಿಷ ಸಾಕು, ದಿನಕ್ಕೆ ಮೂರು ನಾಲ್ಕು ಸಲ. ಗಂಟಲ ಕಡೆಗೆ ಮೇಲಕ್ಕೆ ತಳ್ಳಬೇಡಿ.

ಎಣ್ಣೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಣ್ಣೆ ಹುಲ್ಲನ್ನು ಕರಗಿಸುವುದಿಲ್ಲ, ಜಾರುವಂತೆ ಮಾಡುತ್ತದೆ ಅಷ್ಟೇ. ಕೆಲಸ ಮಾಡುವುದು ನೀರು ಮತ್ತು ನಿಮ್ಮ ಬೆರಳು. ಕೊಡುವುದಾದರೆ ಒಂದು ಸಣ್ಣ ಚಮಚ ಕೊಬ್ಬರಿ ಎಣ್ಣೆಯನ್ನೋ ಕುಸುಬೆ ಎಣ್ಣೆಯನ್ನೋ ಬೆರಳಗಲದ ಬ್ರೆಡ್ ತುಂಡಿಗೆ ಹೀರಿಸಿ ಹಕ್ಕಿಯ ಮುಂದಿಡಿ, ಅದೇ ಕುಕ್ಕಿ ನುಂಗಲಿ. ನುಂಗದಿದ್ದರೆ ಬಿಡಿ. ಬಾಯಿ ಅಗಲಿಸಿ ಸುರಿಯುವುದು ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ಚೀಲ ಅರ್ಧಕ್ಕೆ ಇಳಿದು ಹಿಕ್ಕೆ ಬಂದಿದ್ದರೆ ದಾರಿ ತೆರೆದಿದೆ. ನೆನೆಸಿದ ಕೋಳಿ ಫೀಡ್, ಬೇಯಿಸಿದ ಮೊಟ್ಟೆ, ಮೆತ್ತಗೆ ಬೇಯಿಸಿದ ನುಚ್ಚು, ಸ್ವಲ್ಪ ಸ್ವಲ್ಪವೇ ಕೊಡಿ. ಇಡೀ ಜೋಳ, ಮೆಕ್ಕೆಜೋಳ, ಸೊಪ್ಪು ಒಂದು ವಾರ ಬೇಡ.

24 ಗಂಟೆ ಆದರೂ ಹಾಗೇ ಇದ್ದರೆ ಉಪವಾಸ ಮುಂದುವರಿಸಬೇಡಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಡಾಕ್ಟರು ನಳಿಗೆ ಹಾಕಿ ತೊಳೆಯಬಹುದು, ಇಲ್ಲವೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಚೀಲ ಕೊಯ್ದು ಉಂಡೆ ತೆಗೆಯಬಹುದು. ಚೀಲದ ಗೋಡೆಗೆ ಬೇರೆ ಹೊಲಿಗೆ, ಮೇಲಿನ ಚರ್ಮಕ್ಕೆ ಬೇರೆ ಹೊಲಿಗೆ. ಮನೆಯಲ್ಲೇ ಬ್ಲೇಡಿನಿಂದ ಕೊಯ್ದು ಸೂಜಿ ದಾರದಿಂದ ಹೊಲಿದವರಿದ್ದಾರೆ. ದಯವಿಟ್ಟು ಮಾಡಬೇಡಿ. ನೋವಿಗೆ ಹಕ್ಕಿ ಕೂಗದೆ ಇರಬಹುದು, ನೋವು ಇಲ್ಲ ಅಂತಲ್ಲ.

ಚೀಲ ನೀರು ತುಂಬಿದ ಬಲೂನಿನ ಹಾಗಿದೆ, ಬಾಯಿ ಹುಳಿ ನಾತ

ಮುಟ್ಟಿದರೆ ಮೆತ್ತಗೆ, ಒಳಗೆ ಗುಳುಗುಳು. ಕೊಕ್ಕಿನ ಹತ್ತಿರ ಮೂಗು ಒಯ್ದರೆ ಎರಡು ದಿನದ ಅಂಬಲಿಯ ಹುಳಿ ವಾಸನೆ. ಹಕ್ಕಿ ತಲೆ ಬಗ್ಗಿಸಿದಾಗ ಬಾಯಿಂದ ನೀರು ಸೋರುತ್ತದೆ. ಒಳಗೆ ನಿಂತ ಮೇವು ಕೊಳೆತು, ಕ್ಯಾಂಡಿಡಾ ಅನ್ನುವ ಫಂಗಸ್ ಹೆಚ್ಚಾಗಿರುತ್ತದೆ. ಈ ಫಂಗಸ್ ಹೊರಗಿಂದ ಬಂದದ್ದೇ ಆಗಬೇಕಿಲ್ಲ. ಸ್ವಲ್ಪ ಪ್ರಮಾಣದಲ್ಲಿ ಅದು ಆರೋಗ್ಯವಾಗಿರುವ ಹಕ್ಕಿಯಲ್ಲೂ ಇರುತ್ತದೆ, ಚೀಲದ ಚಲನೆ ನಿಧಾನ ಆದಾಗ ಹೆಚ್ಚುತ್ತದೆ. ಆಂಟಿಬಯೋಟಿಕ್ ಜಾಸ್ತಿ ದಿನ ಕೊಟ್ಟಾಗಲೂ ಹೆಚ್ಚುತ್ತದೆ. ಆದ್ದರಿಂದ ಅಂಗಡಿಯಿಂದ ಕೋಳಿ ಪುಡಿ ಅಂತ ಆಂಟಿಬಯೋಟಿಕ್ ತಂದು ನೀರಿಗೆ ಕಲಸಿದರೆ ಇದು ವಾಸಿ ಆಗುವುದಿಲ್ಲ, ಇನ್ನೂ ಕೆಡುತ್ತದೆ.

ಈಗ ನನ್ನ ಮೊದಲ ಗಂಡಿನ ವಿಷಯ ಹೇಳಬೇಕು. ಅದಕ್ಕೂ ಇದೇ ಆಗಿತ್ತು. ತಲೆಕೆಳಗೆ ಹಿಡಿದು ಒತ್ತಿದರೆ ಕೊಳೆತ ನೀರೆಲ್ಲ ಹೊರಗೆ ಬರುತ್ತದೆ ಅಂತ ಯಾರೋ ಹೇಳಿದ್ದರು. ನಾನು, ನಮ್ಮ ತಮ್ಮ ಸೇರಿ ಕಾಲು ಹಿಡಿದು ಎತ್ತಿದೆವು. ನೀರು ಬಂತು. ಬಾಯಿಂದ ಬಂತು, ಮೂಗಿನಿಂದಲೂ ಬಂತು. ಎರಡು ಸಲ ಒದ್ದಾಡಿತು, ಕೈಯಲ್ಲೇ ಸತ್ತಿತು. ಆಮೇಲೆ ಪಶು ಡಾಕ್ಟರು ಕೇಳಿದ ಮೊದಲ ಮಾತು, "ಬಗ್ಗಿಸಿ ಒತ್ತಿದ್ರೇನ್ರಿ?" ಹಕ್ಕಿಯ ನಾಲಿಗೆಯ ಬುಡದಲ್ಲೇ ಉಸಿರುನಾಳದ ಬಾಯಿ ತೆರೆದಿರುತ್ತದೆ. ಮೇಲೆ ಬಂದ ನೀರು ಸೀದಾ ಅದರೊಳಗೆ ಹೋಗುತ್ತದೆ. ಸಿರಿಂಜ್‌ನಿಂದ ಬಾಯಿಗೆ ಜೋರಾಗಿ ಎಣ್ಣೆ, ನೀರು, ಕಷಾಯ ಹಾಕಿದರೂ ಅದೇ ಆಗುತ್ತದೆ. ಕೂಡಲೇ ಸಾಯದಿದ್ದರೂ ಪುಪ್ಪುಸ ಕೆಟ್ಟು ಎರಡು ದಿನಕ್ಕೆ ಹೋಗುತ್ತದೆ. ನಿಮ್ಮ ಕಡೆ ಯಾರೇ ಹೇಳಲಿ, ಎಷ್ಟೇ ಹಿರಿಯರು ಹೇಳಲಿ, ತಲೆಕೆಳಗೆ ಮಾಡಬೇಡಿ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಬಹಳ ಕಡಿಮೆ. ಮೇವು ತೆಗೆಯಿರಿ, ಶುದ್ಧ ನೀರು ಇಡಿ, ನೀರಿನ ಪಾತ್ರೆ ದಿನಕ್ಕೆರಡು ಸಲ ತಿಕ್ಕಿ ತೊಳೆಯಿರಿ, ತಂಪಾದ ಜಾಗದಲ್ಲಿಡಿ, ಆವತ್ತೇ ಡಾಕ್ಟರಿಗೆ ತೋರಿಸಿ. ಫಂಗಸ್‌ಗೆ ನಿಸ್ಟಾಟಿನ್ ಅಂತ ಔಷಧಿ ಇದೆ, ಅದರ ಅಳತೆ ಹಕ್ಕಿಯ ತೂಕ ನೋಡಿ ಅವರೇ ಹೇಳಬೇಕು. ಔಷಧಿ ನಡೆಯುವಾಗ ಮೊಟ್ಟೆ, ಮಾಂಸ ಎಷ್ಟು ದಿನ ತಿನ್ನಬಾರದು ಅಂತಲೂ ಕೇಳಿಕೊಳ್ಳಿ.

ಮೈಲುತುತ್ತ ಹಾಕಿದ ನೀರು ಕುಡಿಸಿ ಅನ್ನುವವರಿದ್ದಾರೆ. ದಾಳಿಂಬೆ ತೋಟದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ, ಕೈಗೆ ಸಿಗುತ್ತದೆ. ಆದರೆ ಅಳತೆ ಸ್ವಲ್ಪ ಹೆಚ್ಚಾದರೂ ಅದು ಹೊಟ್ಟೆಯ ಒಳಗೋಡೆ ಸುಡುತ್ತದೆ. ಚಿಟಿಕೆ ಲೆಕ್ಕದಲ್ಲಿ ಹಾಕುವ ವಸ್ತು ಅಲ್ಲ ಅದು. ವಿನೆಗರ್ ಅಥವಾ ಹುಳಿ ಮಜ್ಜಿಗೆಯನ್ನು ತಗಡಿನ ಡಬ್ಬಿಯಲ್ಲಿ ಇಡುವುದೂ ತಪ್ಪು, ಹುಳಿಗೆ ತಗಡಿನ ಸತುವು ಬಿಟ್ಟು ನೀರಿಗೆ ಸೇರುತ್ತದೆ. ಚೇತರಿಸಿಕೊಂಡ ಮೇಲೆ ಒಂದು ಚಮಚ ಮೊಸರು ಕೊಟ್ಟರೆ ತಪ್ಪಿಲ್ಲ, ಬಟ್ಟಲುಗಟ್ಟಲೆ ಬೇಡ, ಹಾಲಿನ ಸಕ್ಕರೆ ಹಕ್ಕಿಗೆ ಸರಿಯಾಗಿ ಜೀರ್ಣ ಆಗುವುದಿಲ್ಲ.

ಹಗಲು ಬೆಳಕಲ್ಲಿ ಬಾಯೊಳಗೆ ಒಮ್ಮೆ ನೋಡಿ. ಬಿಳಿ, ಹಳದಿ ಗಿಣ್ಣಿನಂಥ ಪದರ ಇದ್ದರೆ ಅದು ಫಂಗಸ್ ಇರಬಹುದು, ಕೋಳಿ ಸಿಡುಬು ಇರಬಹುದು, ಪಾರಿವಾಳದಿಂದ ಬರುವ ಬೇರೆ ರೋಗವೂ ಇರಬಹುದು. ಉಗುರಿನಿಂದ ಕೆರೆಯಬೇಡಿ, ರಕ್ತ ಬರುತ್ತದೆ. ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ.

ಚೀಲ ಜೋತು ಬಿದ್ದಿದೆ, ನಡೆದರೆ ತೂಗಾಡುತ್ತದೆ

ಇದು ಟರ್ಕಿಯವರು ಗೊತ್ತು ಮಾಡಿಕೊಳ್ಳಲೇಬೇಕಾದ ತೊಂದರೆ. ಚೀಲದ ಗೋಡೆ ಹಿಗ್ಗಿ ಹೋಗಿ, ಹಳೆಯ ಇಲಾಸ್ಟಿಕ್ ಹಾಗೆ ಮತ್ತೆ ಸೇರುವುದೇ ಇಲ್ಲ. ಹಕ್ಕಿ ಮೊದಲಲ್ಲಿ ಚೆನ್ನಾಗಿಯೇ ತಿನ್ನುತ್ತದೆ, ಆದರೆ ಮೈ ಇಳಿಯುತ್ತಾ ಹೋಗುತ್ತದೆ. ಎದೆಮೂಳೆ ಕತ್ತಿಯ ಅಂಚಿನ ಹಾಗೆ ಕೈಗೆ ಸಿಗುತ್ತದೆ.

ಟರ್ಕಿಗಳಲ್ಲಿ ಇದಕ್ಕೆ ವಂಶದ ಗುಣ ಒಂದು ಕಾರಣ. ಇನ್ನೊಂದು ಕಾರಣ ಸೆಕೆಯಲ್ಲಿ ಒಮ್ಮೆಲೇ ಮಿತಿಮೀರಿ ನೀರು ಕುಡಿಯುವುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ನೀರಿನ ಪಾತ್ರೆ ಒಣಗಿರುತ್ತದೆ, ಸಂಜೆ ನಾವು ತುಂಬಿಸುತ್ತೇವೆ, ಬಾಯಾರಿದ ಹಕ್ಕಿ ಬಿದ್ದೂ ಬಿದ್ದೂ ಕುಡಿಯುತ್ತದೆ. ಅದರ ಮೇಲೆ ಉಳಿದ ಒಗ್ಗರಣೆ ಮಂಡಾಳು, ಮಿರ್ಚಿ, ಉಪ್ಪಿನಕಾಯಿ ಕಲಸಿದ ಅನ್ನ ಹಾಕಿದರೆ ಉಪ್ಪಿಗೆ ಇನ್ನೂ ದಾಹ. ಮರಿಗಳಿಗೆ ಹೆಚ್ಚಿನ ಉಪ್ಪು ಪ್ರಾಣಕ್ಕೇ ಅಪಾಯ. ನೆರಳಿನಲ್ಲಿ ಮಣ್ಣಿನ ಪಾತ್ರೆ ಎರಡು ಮೂರು ಕಡೆ ಇಡಿ, ದಿನವಿಡೀ ನೀರು ಖಾಲಿ ಆಗದ ಹಾಗೆ ನೋಡಿಕೊಳ್ಳಿ. ಆಗ ಅವು ಗುಟುಕು ಗುಟುಕಾಗಿ ಕುಡಿಯುತ್ತವೆ. ಇಷ್ಟು ಮಾಡಿದ ಮೇಲೆ ನಮ್ಮಲ್ಲಿ ಹೊಸದಾಗಿ ಯಾವುದಕ್ಕೂ ಇದು ಬಂದಿಲ್ಲ.

ಶುರುವಿನಲ್ಲಿದ್ದರೆ ಕಡಿಮೆ ಕಡಿಮೆ ಮೇವನ್ನು ದಿನಕ್ಕೆ ನಾಲ್ಕೈದು ಸಲ ಕೊಟ್ಟು ನಿಭಾಯಿಸಬಹುದು. ಮೃದುವಾದ ಬಟ್ಟೆ ಕಟ್ಟಿ ಚೀಲ ಎತ್ತಿ ಹಿಡಿಯುವುದೂ ಇದೆ, ಆದರೆ ಅದನ್ನು ಡಾಕ್ಟರಿಗೆ ತೋರಿಸಿ ಕಟ್ಟಿ, ಬಿಗಿಯಾದರೆ ಉಸಿರಿಗೆ ತೊಂದರೆ. ಪೂರ್ತಿ ಜೋತು ಬಿದ್ದದ್ದು ಮೊದಲಿನಂತೆ ಆಗುವುದು ಅಪರೂಪ. ಅಂಥ ಹಕ್ಕಿಯ ಮೊಟ್ಟೆಯನ್ನು ಮರಿ ಮಾಡಿಸಲು ಇಡಬೇಡಿ, ಗಂಡಾದರೆ ಬೀಜಕ್ಕೆ ಬಿಡಬೇಡಿ.

ಊತ ಇದೆ, ಆದರೆ ಬೆಳಿಗ್ಗೆ ಸಂಜೆ ಒಂದೇ ಥರ

ಕೊರಳ ಬುಡಕ್ಕಲ್ಲ, ಇನ್ನೂ ಕೆಳಗೆ ಎದೆಮೂಳೆಯ ನಡುವೆಯೇ ಇದ್ದರೆ ಅದು ಚೀಲ ಅಲ್ಲ. ಗಟ್ಟಿ ನೆಲ, ಕಟ್ಟಿಗೆ ಅಂಚಿನ ಮೇಲೆ ಕೂತು ಕೂತು ಭಾರವಾದ ಗಂಡುಗಳಿಗೆ ಅಲ್ಲಿ ನೀರು ತುಂಬಿದ ಗುಳ್ಳೆ ಆಗುತ್ತದೆ. ಸೂಜಿ ಚುಚ್ಚಬೇಡಿ, ಕೀವಾಗುತ್ತದೆ. ಕೂರುವ ಜಾಗ ಮೆತ್ತಗೆ ಮಾಡಿ, ಕೆಂಪಾಗಿದ್ದರೆ ತೋರಿಸಿ.

ಚೀಲ ಸರಿ ಮಾಡಿದರೂ ಮತ್ತೆ ಮತ್ತೆ ನಿಲ್ಲುತ್ತಿದೆ

ಆಗ ಅಡ್ಡಿ ಕೆಳಗಿದೆ. ಟರ್ಕಿಗೆ ಹೊಳೆಯುವುದು ಕಂಡರೆ ಸಾಕು, ನುಂಗಿಬಿಡುತ್ತದೆ. ತಂತಿ ತುಂಡು, ಮೊಳೆ, ಸ್ಕ್ರೂ. ಅದು ಗಿಜರ್ಡಿನ ಗೋಡೆಯನ್ನೇ ಚುಚ್ಚಬಹುದು. ಮನೆ ಕಟ್ಟುವ ಕೆಲಸ, ವೆಲ್ಡಿಂಗ್ ನಡೆದಿದ್ದರೆ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಹಿತ್ತಲೆಲ್ಲ ಎಳೆದು ನೋಡಿ, ಎಷ್ಟು ಸಿಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಹುಳದ ಬಾಧೆಯೂ ಇರಬಹುದು. ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ, ಹುಳ ಯಾವುದು ಅಂತ ಗೊತ್ತಿಲ್ಲದೆ ಔಷಧಿ ಬೇಡ. ಮೊಟ್ಟೆ ಇಡುವ ಹೆಣ್ಣಾದರೆ ಒಳಗೆ ಮೊಟ್ಟೆ ಸಿಕ್ಕಿಕೊಂಡಿದೆಯಾ ಅಂತ ಡಾಕ್ಟರು ನೋಡುತ್ತಾರೆ.

ಊರ ಕೋಳಿಗಳ ಜೊತೆಯೇ ಟರ್ಕಿ ಬಿಟ್ಟಿದ್ದರೆ ಹಳದಿ ಹಿಕ್ಕೆಯ ಮೇಲೆ ಕಣ್ಣಿಡಿ. ಕೋಳಿಯ ಕರುಳಿನ ಹುಳದ ಮೊಟ್ಟೆಯಲ್ಲಿ ಬ್ಲ್ಯಾಕ್‌ಹೆಡ್ ರೋಗದ ಜೀವಿ ಮಣ್ಣಿಗೆ ಬರುತ್ತದೆ. ಕೋಳಿ ತಡೆದುಕೊಳ್ಳುತ್ತದೆ, ಟರ್ಕಿ ತಡೆಯುವುದಿಲ್ಲ, ಪಿತ್ತಜನಕಾಂಗಕ್ಕೇ ಹೊಡೆತ. ಎರಡಕ್ಕೂ ಬೇರೆ ಬೇರೆ ಜಾಗ ಮಾಡುವುದೇ ಒಳ್ಳೆಯದು.

ಕೊನೆಗೆ ಕಲ್ಲು. ಕುಷ್ಟಗಿ ಕಡೆಯ ಮಸಾರಿ ನೆಲದಲ್ಲಿ ಹಕ್ಕಿಗೆ ಸಣ್ಣ ಹರಳು ತಾನಾಗಿ ಸಿಗುತ್ತದೆ. ನಮ್ಮ ಎರೆ ನೆಲದಲ್ಲಿ ಹುಡುಕಿದರೂ ಒಂದು ಕಲ್ಲು ಸಿಗಲ್ಲ. ಕಲ್ಲಿಲ್ಲದೆ ಇಡೀ ಕಾಳು ಸರಿಯಾಗಿ ಅರೆಯುವುದಿಲ್ಲ, ಅರೆಯದೆ ಸಲೀಸಾಗಿ ಕೆಳಗೆ ಇಳಿಯುವುದಿಲ್ಲ. ಇದು ನನಗೆ ಹೊಳೆಯಲು ಮೂರು ವರ್ಷ ಬೇಕಾಯ್ತು. ಈಗ ಗರಸನ್ನು ಜರಡಿ ಹಿಡಿದು, ಜೋಳದ ಕಾಳಿನಷ್ಟು ದಪ್ಪದ ಹರಳು ಆರಿಸಿ, ತೊಳೆದು, ಒಂದು ಬೋಗುಣಿಯಲ್ಲಿ ಮೇವಿನ ಪಕ್ಕದಲ್ಲೇ ಇಡುತ್ತೇನೆ. ಮರಿಗಳಿಗೆ ಇನ್ನೂ ಸಣ್ಣದು, ದಪ್ಪ ಮರಳಿನಷ್ಟು. ಕಪ್ಪೆಚಿಪ್ಪಿನ ಪುಡಿ ಇದಕ್ಕೆ ಬದಲಿ ಆಗುವುದಿಲ್ಲ, ಅದು ಹೊಟ್ಟೆಯಲ್ಲಿ ಕರಗಿಹೋಗುತ್ತದೆ, ಮೊಟ್ಟೆಯ ಸಿಪ್ಪೆಗೆ ಸುಣ್ಣ ಒದಗಿಸುತ್ತದೆ ಅಷ್ಟೇ. ಆದರೆ ಚೀಲ ಈಗಾಗಲೇ ಕಟ್ಟಿಕೊಂಡಿರುವ ಹಕ್ಕಿಗೆ ಹರಳು ಹಾಕಬೇಡಿ, ಅದರ ಭಾರವೂ ಸೇರಿಕೊಳ್ಳುತ್ತದೆ. ಮೂರು ದಿನ ಸತತವಾಗಿ ಬೆಳಿಗ್ಗೆ ಚೀಲ ಖಾಲಿ ಸಿಕ್ಕ ಮೇಲೆ ಬೋಗುಣಿ ಮುಂದಿಡಿ.